ಬಿಸಿ ಪಾತ್ರೆಯನ್ನು ಕೈ ಯಾಕೆ ಬಿಡುವುದಿಲ್ಲ? ಮೆದುಳುಬಳ್ಳಿಯ ಆತುರ, ಮೆದುಳಿನ ತಡೆ

ಹಳ್ಳಿಶಾಲೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ನರವ್ಯೂಹದ ಪಾಠ ಮಾಡುತ್ತಿದ್ದೇನೆ. ಪರಾವರ್ತಿತ ಕ್ರಿಯೆಯ ಚಿತ್ರವನ್ನು ಹಲಗೆಯ ಮೇಲೆ ಬರೆದು ಪಠ್ಯದಲ್ಲಿರುವಂತೆಯೇ ವಿವರಿಸಿದೆ. ಕಾದ ವಸ್ತುವಿಗೆ ಬೆರಳು ತಾಗಿದರೆ ಸುದ್ದಿ ಜ್ಞಾನವಾಹಿ ನರದ ಮೂಲಕ ಮೆದುಳುಬಳ್ಳಿಗೆ ಹೋಗುತ್ತದೆ, ಅಲ್ಲಿಂದಲೇ ಕ್ರಿಯಾವಾಹಿ ನರದ ಮೂಲಕ ಸ್ನಾಯುವಿಗೆ ಆಜ್ಞೆ ಬರುತ್ತದೆ, ಮೆದುಳಿಗೆ ವಿಷಯ ತಿಳಿಯುವುದು ಆಮೇಲೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಉಕ್ಕುವ ಹಾಲಿನ ಪಾತ್ರೆಯನ್ನು ನಮ್ಮ ಅಮ್ಮ ಬರಿಗೈಯಲ್ಲೇ ಇಳಿಸುತ್ತಾರೆ ಸರ್. ಆಗ ಮೆದುಳುಬಳ್ಳಿ ಏನು ಮಾಡುತ್ತಿರುತ್ತದೆ?”

ಅಭ್ಯಾಸಬಲ ಎಂದು ಹೇಳಿ ಕೂರಿಸಬಹುದಿತ್ತು. ಆದರೆ ಆ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಸಲ್ಲಬೇಕು. ಮೆದುಳುಬಳ್ಳಿ ತಾನೇ ತೀರ್ಮಾನಿಸುವುದಾದರೆ ಪಾತ್ರೆ ಕೆಳಗೆ ಬೀಳಬೇಕಿತ್ತು. ಮೆದುಳು ತಡೆಯುವುದಾದರೆ ಅದಕ್ಕೆ ಸಮಯ ಎಲ್ಲಿಂದ ಬಂತು? ತಿಳಿದವರು ದಯವಿಟ್ಟು ಬರೆಯಿರಿ. ಮಕ್ಕಳಿಗೆ ಓದಿ ಹೇಳುವಂತಿದ್ದರೆ ಇನ್ನೂ ಒಳ್ಳೆಯದು.

ಶರೀರಕ್ರಿಯೆ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ನಾನು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ಅವಳು ಕೇಳಿದ ಪ್ರಶ್ನೆಯ ಸುತ್ತಲೇ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ತಮ್ಮ ಆಯುಷ್ಯದ ಬಹುಭಾಗ ದುಡಿದರು. ಎರಡು ನರಕೋಶಗಳು ಸಂಧಿಸುವ ಜಾಗವನ್ನು ಸೈನಾಪ್ಸ್ ಎಂದು 1897ರಲ್ಲಿ ಕರೆದವರು ಅವರೇ. 1932ರಲ್ಲಿ ಎಡ್ಗರ್ ಏಡ್ರಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಮೊದಲು ಪಠ್ಯದ ದಾರಿಯಲ್ಲೇ ಹೋಗೋಣ. ಬೆರಳ ತುದಿಯ ಚರ್ಮದಲ್ಲಿ ನರಗಳ ಬರಿಯ ತುದಿಗಳು ಹರಡಿಕೊಂಡಿವೆ. ಅವುಗಳ ಪೊರೆಯಲ್ಲಿ ಬಿಸಿಗೆ ತೆರೆದುಕೊಳ್ಳುವ ಪ್ರೋಟೀನ್ ನಾಳಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಟಿಆರ್‌ಪಿವಿ1; ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆಯುತ್ತದೆ. ತೆರೆದೊಡನೆ ಧನ ಅಯಾನುಗಳು ಒಳಗೆ ನುಗ್ಗುತ್ತವೆ. ಸುಮ್ಮನಿರುವ ನರದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಈ ನುಗ್ಗುವಿಕೆಯಿಂದ ಆ ಅಂತರ ಸುಮಾರು 55ಕ್ಕೆ ಇಳಿದರೆ ಸಾಕು, ಪಕ್ಕದ ಸೋಡಿಯಂ ನಾಳಗಳು ಸರಸರನೆ ತೆರೆದು ಆವೇಗ, ಅಂದರೆ ನರದ ವಿದ್ಯುತ್ ಸಂಕೇತ, ಹುಟ್ಟುತ್ತದೆ. ಆ ಮಟ್ಟ ಮುಟ್ಟದಿದ್ದರೆ ಆವೇಗವೇ ಇಲ್ಲ, ಮುಟ್ಟಿದರೆ ಪೂರ್ಣ ಆವೇಗ. ಬಿಸಿ ಹೆಚ್ಚಾದಾಗ ಆವೇಗದ ಗಾತ್ರ ಹೆಚ್ಚುವುದಿಲ್ಲ, ಸೆಕೆಂಡಿಗೆ ಎಷ್ಟು ಆವೇಗ ಹೊರಡುತ್ತವೆ ಎಂಬುದು ಹೆಚ್ಚುತ್ತದೆ. ಜ್ಞಾನವಾಹಿ ನರದ ಒಂಟಿ ಎಳೆಯಲ್ಲಿ ಇದನ್ನು ಅಳೆದು ತೋರಿಸಿದವರು ಏಡ್ರಿಯನ್.

ಸುದ್ದಿ ಮೆದುಳುಬಳ್ಳಿಯ ಹಿಂಭಾಗವನ್ನು ಹೊಕ್ಕು ಅಲ್ಲಿನ ಚಿಕ್ಕ ನಡುವಣ ನರಕೋಶಗಳಿಗೆ ಹಂಚಿಹೋಗುತ್ತದೆ. ಕೆಲವು ಕೋಶಗಳು ತೋಳು ಮಡಚುವ ಸ್ನಾಯುವನ್ನು ಎಬ್ಬಿಸುತ್ತವೆ, ಇನ್ನು ಕೆಲವು ತೋಳು ಚಾಚುವ ಸ್ನಾಯುವನ್ನು ಸುಮ್ಮನಾಗಿಸುತ್ತವೆ. ಎರಡೂ ಒಟ್ಟಿಗೆ ನಡೆಯದಿದ್ದರೆ ಕೈ ಹಿಂದೆ ಬರುವುದೇ ಇಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಈ ಸುಮ್ಮನಾಗಿಸುವ ಕೆಲಸವನ್ನು ತೋರಿಸಿರುವುದಿಲ್ಲ. ನನಗೆ ಅದೇ ದೊಡ್ಡ ಕೊರತೆಯಾಗಿ ಕಾಣುತ್ತದೆ. ನರವ್ಯೂಹದ ಅರ್ಧ ಕೆಲಸವೇ ತಡೆಯುವುದು.

ಈಗ ಹಾಲಿನ ಪಾತ್ರೆಗೆ ಬರೋಣ. ತೋಳಿನ ಸ್ನಾಯುವನ್ನು ನಡೆಸುವ ಒಂದೇ ಒಂದು ಕ್ರಿಯಾವಾಹಿ ನರಕೋಶದ ಮೈಮೇಲೆ ಸಾವಿರಾರು ಸೈನಾಪ್ಸ್‌ಗಳಿವೆ. ಸುಟ್ಟ ಚರ್ಮದಿಂದ ಬಂದ “ಬಿಡು” ಅಲ್ಲಿಗೇ ಬರುತ್ತದೆ, ಮೆದುಳಿನ ಹೊರಪದರದಿಂದ ಇಳಿದು ಬಂದ “ಹಿಡಿ” ಕೂಡ ಅಲ್ಲಿಗೇ ಬರುತ್ತದೆ. ಆ ಕೋಶ ಎಲ್ಲವನ್ನೂ ಕೂಡಿ ಕಳೆದು, ಹೊಸ್ತಿಲು ದಾಟಿದರೆ ಮಾತ್ರ ಸ್ನಾಯುವಿಗೆ ಆವೇಗ ಕಳುಹಿಸುತ್ತದೆ. ಶೆರಿಂಗ್ಟನ್ ಇದನ್ನು ಅಂತಿಮ ಸಾಮಾನ್ಯ ಪಥ ಎಂದರು, ಅಂದರೆ ಎಲ್ಲ ಆಜ್ಞೆಗಳೂ ಕೊನೆಗೆ ಹಾಯಲೇಬೇಕಾದ ಒಂದೇ ದಾರಿ. ಅಮ್ಮ ಪಾತ್ರೆಯನ್ನು ಮುಟ್ಟುವ ಮೊದಲೇ ಅದು ಬಿಸಿಯೆಂದು ಅವರ ಮೆದುಳಿಗೆ ಗೊತ್ತು, ಹಾಲು ಚೆಲ್ಲಬಾರದೆಂದೂ ಗೊತ್ತು. ತಡೆಯುವ ಆಜ್ಞೆ ಬೆರಳು ತಾಗುವುದಕ್ಕೆ ಮುಂಚೆಯೇ ಮೆದುಳುಬಳ್ಳಿಗೆ ಇಳಿದಿರುತ್ತದೆ. ಸಮಯ ಎಲ್ಲಿಂದ ಬಂತು ಎಂದು ನೀವು ಕೇಳಿದ್ದಿರಲ್ಲ, ಅಲ್ಲಿಂದ ಬಂತು. ಅದೇ ಅಮ್ಮ ಕತ್ತಲಲ್ಲಿ ಗೊತ್ತಿಲ್ಲದೆ ಕಾದ ಕಾವಲಿ ಮುಟ್ಟಿದರೆ ಕೈ ತಾನೇ ಹಿಂದಕ್ಕೆ ಹಾರುತ್ತದೆ.

ಸರ್ಕ್ಯೂಟ್ ಬೋರ್ಡ್

ಒಂದು ಸಂಶಯ ಸರ್. ನಾನು ಎಲೆಕ್ಟ್ರಾನಿಕ್ಸ್ ಓದಿದವನು. ನರದಲ್ಲಿ ಹರಿಯುವುದು ವಿದ್ಯುತ್ ತಾನೆ? ತಂತಿಯಲ್ಲಿ ಸಂಕೇತ ಬೆಳಕಿನ ವೇಗಕ್ಕೆ ಹತ್ತಿರವಾಗಿ ಹೋಗುತ್ತದೆ. ಬೆರಳಿನಿಂದ ಮೆದುಳಿಗೆ ಒಂದು ಮೀಟರ್ ದೂರ. ಅದಕ್ಕೆ ಯಾವ ಲೆಕ್ಕದ ಸಮಯವೂ ಬೇಕಿಲ್ಲ. ಹಾಗಿರುವಾಗ ಮೆದುಳುಬಳ್ಳಿಯಲ್ಲೇ ತೀರ್ಮಾನವಾಗಬೇಕಾದ ಅಗತ್ಯವಾದರೂ ಏನು?

ಶರೀರಕ್ರಿಯೆ

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ವಿದ್ವಾಂಸರೂ ನಿಮ್ಮಂತೆಯೇ ಯೋಚಿಸಿದ್ದರು. ಜರ್ಮನಿಯ ಯೊಹಾನಸ್ ಮ್ಯುಲರ್ ನರದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲವೆಂದು ಭಾವಿಸಿದ್ದರು. ಅವರ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಅದನ್ನು ಅಳೆದೇಬಿಟ್ಟರು. ಕಪ್ಪೆಯ ಕಾಲಿನ ನರವನ್ನು ಸ್ನಾಯುವಿಗೆ ಹತ್ತಿರದ ಒಂದು ಜಾಗದಲ್ಲಿ, ಬಳಿಕ ದೂರದ ಒಂದು ಜಾಗದಲ್ಲಿ ಪ್ರಚೋದಿಸಿ, ಸ್ನಾಯು ಕುಗ್ಗುವುದಕ್ಕೆ ಹಿಡಿದ ಸಮಯದ ವ್ಯತ್ಯಾಸವನ್ನು ತೆಗೆದರು. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಘಾಟಿಯಿಲ್ಲದ ಹೆದ್ದಾರಿಯಲ್ಲಿ ಕಾರು ಓಡುವ ವೇಗ ಅಷ್ಟೇ.

ಕಾರಣ ಇದು. ತಂತಿಯ ಉದ್ದಕ್ಕೂ ವಿದ್ಯುತ್ ಹರಿದುಹೋಗುವ ಹಾಗೆ ಇಲ್ಲಿ ನಡೆಯುವುದಿಲ್ಲ. ಒಂದು ಜಾಗದಲ್ಲಿ ಸೋಡಿಯಂ ಒಳಬಂದು, ಅದರಿಂದ ಪಕ್ಕದ ಪೊರೆ ಎಚ್ಚೆತ್ತು, ಅಲ್ಲಿ ಹೊಸದಾಗಿ ನಾಳಗಳು ತೆರೆದು, ಹೀಗೆ ಪ್ರತಿ ಹೆಜ್ಜೆಯಲ್ಲೂ ಆವೇಗ ಮರುಹುಟ್ಟು ಪಡೆಯುತ್ತದೆ. ಹಾಗಾಗಿ ನಿಧಾನ. ಆದರೆ ದಾರಿಯಲ್ಲಿ ಸೊರಗುವುದಿಲ್ಲ. ಕಾಲ ಹೆಬ್ಬೆರಳಿನಿಂದ ಹೊರಟ ಆವೇಗ ಸೊಂಟದವರೆಗೂ ಅದೇ ಗಾತ್ರದಲ್ಲಿ ತಲುಪುತ್ತದೆ. ಇದರ ಗಣಿತವನ್ನು ಬಿಡಿಸಿದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲೀ. ಸ್ಕ್ವಿಡ್ ಎಂಬ ಸಮುದ್ರಜೀವಿಗೆ ಬರಿಗಣ್ಣಿಗೆ ಕಾಣುವಷ್ಟು ದಪ್ಪನೆಯ, ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ನರದ ಎಳೆ ಇದೆ. ಅದರೊಳಗೇ ಎಲೆಕ್ಟ್ರೋಡ್ ತೂರಿಸಿ ಅಳೆದು 1952ರಲ್ಲಿ ಸಮೀಕರಣಗಳನ್ನು ಪ್ರಕಟಿಸಿದರು. 1963ರ ನೊಬೆಲ್ ಅವರಿಗೂ ಜಾನ್ ಎಕಲ್ಸ್ ಅವರಿಗೂ ಸಂದಿತು.

ಸ್ಕ್ವಿಡ್ ದಪ್ಪದಿಂದ ಪಡೆದ ವೇಗವನ್ನು ನಮ್ಮ ದೇಹ ನರದ ಎಳೆಯನ್ನು ಸುತ್ತುವ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿಂದ ಪಡೆದಿದೆ. ಹೊದಿಕೆಯ ನಡುವಿನ ಸಣ್ಣ ಬಿಡುವುಗಳಲ್ಲಿ ಮಾತ್ರ ಆವೇಗ ಮರುಹುಟ್ಟು ಪಡೆದು, ಬಿಡುವಿನಿಂದ ಬಿಡುವಿಗೆ ನೆಗೆಯುತ್ತದೆ. ಹೀಗೆ ಸ್ನಾಯುವಿನ ಸ್ಥಿತಿ ತಿಳಿಸುವ ದಪ್ಪ ಎಳೆಗಳು ಸೆಕೆಂಡಿಗೆ 80ರಿಂದ 120 ಮೀಟರ್ ಮುಟ್ಟುತ್ತವೆ. ಚುರುಕು ನೋವನ್ನು ಒಯ್ಯುವ ತೆಳು ಹೊದಿಕೆಯ ಎಳೆಗಳದು 5ರಿಂದ 30 ಮೀಟರ್. ಹೊದಿಕೆಯೇ ಇಲ್ಲದ ಎಳೆಗಳದು ಅರ್ಧ ಮೀಟರಿನಿಂದ 2 ಮೀಟರ್, ಅಂದರೆ ನಾವು ನಡೆಯುವ ವೇಗ.

ಅಡುಗೆಮನೆಯಿಂದ

ಈ ಕೊನೆಯ ಮಾತು ಓದಿ ಎಷ್ಟೋ ವರ್ಷದ ಅನುಭವಕ್ಕೆ ಅರ್ಥ ಸಿಕ್ಕಿತು. ಒಗ್ಗರಣೆಯ ಎಣ್ಣೆ ಸಿಡಿದಾಗ ಮೊದಲು ಸೂಜಿ ಚುಚ್ಚಿದಂತೆ ಚುರ್ರೆನ್ನುತ್ತದೆ. ಅದು ಮಾಯವಾಗಿ, ಒಂದು ಕ್ಷಣ ಏನೂ ಆಗಲಿಲ್ಲವೇನೋ ಎನಿಸುವಷ್ಟರಲ್ಲಿ, ಉರಿ ನಿಧಾನವಾಗಿ ಏರಿ ಬಂದು ನಿಲ್ಲುತ್ತದೆ. ಕಾಲಿನ ಮೇಲೆ ಸಿಡಿದರೆ ಆ ನಡುವಿನ ಬಿಡುವು ಇನ್ನೂ ಉದ್ದ. ಒಂದೇ ಗಾಯ ಎರಡು ಸಲ ನೋಯುವುದು ಎರಡು ಬಗೆಯ ಎಳೆಗಳಿಂದ ತಾನೆ?

ಇನ್ನೊಂದು. ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಸುರಿದ ಮೇಲೆ ಲೋಟ ಹಿಡಿಯುವವರ ಕೈ ನೋಡಿ. ಹೆಬ್ಬೆರಳು ಮತ್ತು ನಡುಬೆರಳು ಕಾಫಿ ಮುಟ್ಟದ ಮೇಲಿನ ಅಂಚಿಗೆ ಹೋಗುತ್ತವೆ. ಬಿಸಿ ತಾಳದಂತಾದಾಗ ತೋರುಬೆರಳು ಬಂದು ಸೇರಿ ನಡುಬೆರಳು ಬಿಡುತ್ತದೆ. ಮಾತು ಎಲ್ಲಿಯೂ ನಿಂತಿರುವುದಿಲ್ಲ, ಲೋಟ ಅಲುಗಿರುವುದೂ ಇಲ್ಲ. ಹೊಸದಾಗಿ ಅಡುಗೆಮನೆಗೆ ಬಂದವರು ಅದೇ ಲೋಟವನ್ನು ಥಟ್ಟನೆ ಬಿಟ್ಟುಬಿಡುತ್ತಾರೆ. ಬರಿಯ ತಡೆ ಎಂದು ಹೇಳಿದರೆ ಇದು ಪೂರ್ತಿ ವಿವರಿಸಿದಂತಾಗುವುದಿಲ್ಲ ಸರ್. ಯಾವ ಬೆರಳನ್ನು ಯಾವಾಗ ಬಿಡಬೇಕೆಂಬ ಜಾಣತನವೂ ಅಲ್ಲಿದೆ.

ಶರೀರಕ್ರಿಯೆ

ಅಕ್ಕಾ, ಎರಡು ನೋವಿನ ವಿಚಾರದಲ್ಲಿ ನೀವು ಹೇಳಿದ್ದು ಸರಿ. ಕೈಗೆ ಒಂದು ಮೀಟರ್ ದೂರ ಹಿಡಿದರೆ ಮೊದಲ ನೋವು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೇ ಮೆದುಳುಬಳ್ಳಿ ತಲುಪುತ್ತದೆ, ಎರಡನೆಯದಕ್ಕೆ ಸುಮಾರು ಒಂದು ಸೆಕೆಂಡ್ ಬೇಕು. ಕಾಲಾದರೆ ದಾರಿ ಉದ್ದ, ಅಂತರವೂ ಉದ್ದ. ಕೈಯನ್ನು ಹಿಂದಕ್ಕೆ ಎಳೆಯುವುದು ಮೊದಲನೆಯದರ ಕೆಲಸ. ಆ ಭಾಗವನ್ನು ಮುಟ್ಟಬೇಡ, ಜೋಪಾನ ಮಾಡು ಎಂದು ದಿನವಿಡೀ ನೆನಪಿಸುವುದು ಎರಡನೆಯದರ ಕೆಲಸ.

ಲೋಟದ ಮಾತೂ ಸರಿ. ಮೆದುಳಿನ ಹೊರಪದರದಿಂದ ಬರುವ ನರಗಳಲ್ಲಿ ಕೆಲವು ಬೆರಳುಗಳನ್ನು ಒಂದೊಂದಾಗಿ ಆಡಿಸುವ ಕ್ರಿಯಾವಾಹಿ ಕೋಶಗಳಿಗೆ ನೇರವಾಗಿಯೇ ತಾಗುತ್ತವೆ. ಆದರೆ ಒಂದು ವಿಷಯವನ್ನು ಸೇರಿಸುತ್ತೇನೆ. ಮೆದುಳಿಗೆ ಸಂಪೂರ್ಣ ಅಧಿಕಾರವಿಲ್ಲ. ಎಷ್ಟೇ ಬಿಗಿಯಾಗಿ ಹಿಡಿದಿದ್ದರೂ ಬೆರಳಿಗೆ ಜೋರಾದ ನೋವು ತಾಗಿದರೆ ಅಂಗೈಯ ಸ್ನಾಯುಗಳಲ್ಲಿ ವಿದ್ಯುತ್ ಚಟುವಟಿಕೆ ಕ್ಷಣಕಾಲ ನಿಂತುಹೋಗುತ್ತದೆ. ನರರೋಗ ಪ್ರಯೋಗಾಲಯಗಳಲ್ಲಿ ಇದನ್ನು ದಾಖಲಿಸುತ್ತಾರೆ. ಪ್ರಚೋದನೆಯಾಗಿ ಸುಮಾರು 70 ಮಿಲಿಸೆಕೆಂಡಿಗೆ ಶುರುವಾಗಿ ಸುಮಾರು 50 ಮಿಲಿಸೆಕೆಂಡ್ ಇರುತ್ತದೆ. ಮೆದುಳುಬಳ್ಳಿ ತನ್ನ ಮಾತನ್ನು ಹೇಳಿಯೇ ತೀರುತ್ತದೆ. ಪಾತ್ರೆ ಬೀಳದಿರುವುದು ಆ ಚಿಕ್ಕ ಬಿಡುವಿನ ನಂತರ ಹಿಡಿತ ಮತ್ತೆ ಕೂಡಿಕೊಳ್ಳುವುದರಿಂದ.

ಇನ್ನು ಮೆಣಸಿನಕಾಯಿ. ಹೆಚ್ಚಿದ ಕೈ ಉರಿಯುವುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅದರ ಕ್ಯಾಪ್ಸೈಸಿನ್ ಮೇಲೆ ಹೇಳಿದ ಅದೇ ಟಿಆರ್‌ಪಿವಿ1 ನಾಳವನ್ನು ತೆರೆಯುತ್ತದೆ. ಬಿಸಿ ಇಲ್ಲದಿದ್ದರೂ ಮೆದುಳಿಗೆ ತಲುಪುವ ಸುದ್ದಿ ಬಿಸಿಯದೇ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. 2021ರಲ್ಲಿ ಅವರಿಗೂ, ಒತ್ತಡಕ್ಕೆ ತೆರೆಯುವ ನಾಳಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ನೊಬೆಲ್ ಬಂತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ, ಹಾಗಾಗಿ ಈ ನಾಳಗಳು ಅಷ್ಟಾಗಿ ತೆರೆಯುವುದಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಸವರಿ ಸೋಪಿನಲ್ಲಿ ತೊಳೆಯಬೇಕು.

ಟ್ರ್ಯಾಕ್ ಮತ್ತು ಫೀಲ್ಡ್

ಕ್ರೀಡಾ ತರಬೇತುದಾರನಾಗಿ ಒಂದು ವಿಷಯ ಸೇರಿಸುತ್ತೇನೆ. ಓಟದ ಪಂದ್ಯದಲ್ಲಿ ಗುಂಡಿನ ಶಬ್ದವಾದ 0.1 ಸೆಕೆಂಡಿನೊಳಗೆ ಕಾಲು ಒತ್ತಿದರೆ ಅದು ತಪ್ಪು ಆರಂಭ. ಕಿವಿಗೆ ಶಬ್ದ ಮುಟ್ಟಿ, ಮೆದುಳು ದಾಟಿ, ಕಾಲಿನ ಸ್ನಾಯು ಬಲ ಹಾಕಲು ಅಷ್ಟಾದರೂ ಬೇಕು, ಅದಕ್ಕೂ ಮೊದಲು ಹೊರಟವರು ಊಹಿಸಿ ಹೊರಟವರು ಎಂಬುದು ನಿಯಮದ ತರ್ಕ. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಅಲೆನ್ 0.099 ಸೆಕೆಂಡಿಗೆ ಹೊರಟರೆಂದು ಅನರ್ಹಗೊಂಡರು. ಸೆಕೆಂಡಿನ ಸಾವಿರದ ಒಂದು ಭಾಗದ ವ್ಯತ್ಯಾಸಕ್ಕೆ, ಅದೂ ತನ್ನದೇ ದೇಶದ ಪ್ರೇಕ್ಷಕರ ಎದುರು. ಮನುಷ್ಯರ ನರಗಳೆಲ್ಲ ಒಂದೇ ಗಡಿಯಲ್ಲಿ ನಿಂತಿರುತ್ತವೆ ಎಂದು ನಂಬುವುದು ನನಗೆ ಕಷ್ಟ. ಆ ನಿಯಮವನ್ನು ಮರುಪರಿಶೀಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಲಿಪ್‌ನಲ್ಲಿ ಹಿಡಿಯುವ ಕ್ಯಾಚ್ ಕೂಡ ಪರಾವರ್ತಿತ ಕ್ರಿಯೆಯೇ? ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದದ್ದರಲ್ಲಿ ಮೆದುಳುಬಳ್ಳಿಯ ಪಾಲು ಎಷ್ಟು?

ಶರೀರಕ್ರಿಯೆ

ಅಲ್ಲ. ಕಣ್ಣಿನಿಂದ ಶುರುವಾಗುವ ಕೆಲಸ ಮೆದುಳಿನಲ್ಲೇ ಆಗಬೇಕು. ಬೆಳಕು ಕಂಡು ಗುಂಡಿ ಒತ್ತಲು ಸಾಮಾನ್ಯರಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಶಬ್ದಕ್ಕೆ ಇನ್ನೂ ಕಡಿಮೆ, ಏಕೆಂದರೆ ಕಣ್ಣಿನ ಹಿಂಪರದೆಯಲ್ಲಿ ಬೆಳಕು ಸಂಕೇತವಾಗುವ ರಾಸಾಯನಿಕ ಕ್ರಿಯೆಯೇ ಹತ್ತಾರು ಮಿಲಿಸೆಕೆಂಡ್ ತಿನ್ನುತ್ತದೆ, ಕಿವಿಯ ರೋಮಕೋಶಗಳು ಯಾಂತ್ರಿಕವಾಗಿ ತಕ್ಷಣ ತೆರೆಯುತ್ತವೆ. ಸ್ಲಿಪ್‌ನಲ್ಲಿ ನಿಂತವರು ಬೌಲರ್‌ನ ಕೈ, ಚೆಂಡಿನ ದಾರಿ, ಬ್ಯಾಟಿನ ಕೋನ ಎಲ್ಲವನ್ನೂ ಮೊದಲೇ ಓದುತ್ತಿರುತ್ತಾರೆ. ಅಲ್ಲಿ ಗೆಲ್ಲುವುದು ಮುನ್ಸೂಚನೆ. ಎಷ್ಟು ಅಭ್ಯಾಸ ಮಾಡಿದರೂ ನರದ ಎಳೆಯ ವೇಗ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ, ಮೆದುಳು ಆಯ್ಕೆ ಮಾಡುವ ಸಮಯ ಕಡಿಮೆಯಾಗುತ್ತದೆ.

ಫಿಸಿಯೊ ಹುಬ್ಬಳ್ಳಿ

ಮೇಷ್ಟ್ರೇ, ಮಕ್ಕಳಿಗೆ ಮಾತಿಗಿಂತ ಮಾಡಿ ತೋರಿಸುವುದು ಒಳ್ಳೆಯದು. ಬೆಂಚಿನ ಮೇಲೆ ಒಬ್ಬರನ್ನು ಕಾಲು ಇಳಿಬಿಟ್ಟು ಕೂರಿಸಿ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ಅಂಗೈ ಅಂಚಿನಿಂದ ಮೆಲ್ಲನೆ ತಟ್ಟಿ. ಕಾಲು ಮುಂದಕ್ಕೆ ಚಿಮ್ಮುತ್ತದೆ. 1875ರಲ್ಲಿ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು ಬೇರೆಬೇರೆಯಾಗಿ ಇದನ್ನು ವರದಿ ಮಾಡಿದರು. ತಟ್ಟಿದಾಗ ತೊಡೆಯ ಮುಂಭಾಗದ ಸ್ನಾಯು ಒಂದಿಷ್ಟು ಹಿಗ್ಗುತ್ತದೆ, ಸ್ನಾಯುವಿನೊಳಗಿನ ಕದಿರಿನಾಕಾರದ ಗ್ರಾಹಕ ಅದನ್ನು ತಿಳಿಸುತ್ತದೆ, ಮೆದುಳುಬಳ್ಳಿಯಲ್ಲಿ ಒಂದೇ ಸೈನಾಪ್ಸ್ ದಾಟಿ ಉತ್ತರ ಬರುತ್ತದೆ. ತಟ್ಟಿದ ಸುಮಾರು 20 ಮಿಲಿಸೆಕೆಂಡಿಗೆ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಕಾಣುತ್ತದೆ. ನಾವು ನಿಂತಾಗ ಮಂಡಿ ಕುಸಿಯದಂತೆ ಕಾಯುವುದರಲ್ಲಿ ಇದರದೂ ಪಾಲಿದೆ.

ಈಗ ಮುಖ್ಯವಾದ ಭಾಗ. ಕಾಲು ಸರಿಯಾಗಿ ಚಿಮ್ಮದ ಹುಡುಗನಿಗೆ, ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗ ಮತ್ತೆ ತಟ್ಟಿ. ಈ ಬಾರಿ ಚಿಮ್ಮುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಾಗುತ್ತದೆ. ಹಂಗೆರಿಯ ವೈದ್ಯ ಯೆಂದ್ರಾಸಿಕ್ ತೋರಿಸಿದ ಉಪಾಯ ಇದು, ಇಂದಿಗೂ ನಾವು ದಿನವೂ ಬಳಸುತ್ತೇವೆ. ಕೈ ಎಳೆದರೆ ಕಾಲಿನ ಪ್ರತಿಕ್ರಿಯೆ ಬದಲಾಗುತ್ತದೆ ಎಂದರೆ ಮೆದುಳುಬಳ್ಳಿಯ ಈ ಚಿಕ್ಕ ವರ್ತುಲ ಒಂಟಿಯಾಗಿಲ್ಲ ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ಪಾರ್ಶ್ವವಾಯು ಆದವರಲ್ಲಿ ಇದನ್ನು ಇನ್ನೊಂದು ಬದಿಯಿಂದ ನೋಡುತ್ತೇವೆ. ಮೆದುಳಿನಿಂದ ಇಳಿಯುವ ದಾರಿ ಕೆಟ್ಟರೆ ಕೈಕಾಲು ಮೊದಲು ಸೋಲುತ್ತದೆ. ಕೆಲವು ವಾರ ಕಳೆದ ಮೇಲೆ ಅದೇ ಕಾಲನ್ನು ತಟ್ಟಿದರೆ ಮಿತಿ ಮೀರಿ ಚಿಮ್ಮುತ್ತದೆ, ಸ್ನಾಯು ಬಿಗಿದುಕೊಳ್ಳುತ್ತದೆ. ಮನೆಯವರು ಶಕ್ತಿ ಬಂತೆಂದು ಸಂತೋಷಪಡುತ್ತಾರೆ. ಬಂದಿರುವುದು ತಡೆ ಕಳೆದುಕೊಂಡ ಮೆದುಳುಬಳ್ಳಿಯ ಆರ್ಭಟ ಎಂದು ಅವರಿಗೆ ವಿವರಿಸುವುದು ಬಹಳ ಸಂಕಟದ ಕೆಲಸ. ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಹೆಬ್ಬೆರಳು ಮೇಲೆದ್ದು ಬರುವುದೂ ಅದೇ ಲಕ್ಷಣ. ಫ್ರಾನ್ಸಿನ ಬಾಬಿನ್‌ಸ್ಕಿ 1896ರಲ್ಲಿ ಗುರುತಿಸಿದ್ದು. ಎಳೆಯ ಮಕ್ಕಳಲ್ಲಿ ಇದು ಸಹಜ, ಅವರಲ್ಲಿ ಮೇಲಿನಿಂದ ಇಳಿಯುವ ದಾರಿಗೆ ಮೈಲಿನ್ ಇನ್ನೂ ಪೂರ್ತಿ ಸುತ್ತಿಕೊಂಡಿರುವುದಿಲ್ಲ.

ಹತ್ತಿ ಬೆಳೆಗಾರ

ನೀವೆಲ್ಲ ಬರೆಯುತ್ತಿರುವುದನ್ನು ಓದಿ ಒಂದು ವಿಷಯ ಕೇಳಬೇಕೆನಿಸಿತು. ಕಳೆದ ಹಂಗಾಮಿನಲ್ಲಿ ನಮ್ಮ ಪಕ್ಕದ ಹೊಲದವರು ಗಾಳಿಗೆ ಎದುರಾಗಿ ಔಷಧಿ ಹೊಡೆದರು. ಮೈಮೇಲೆ ಅಂಗಿ ತೊಯ್ದಿತ್ತು. ಸಂಜೆಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ. ತೋಳಿನ ಮಾಂಸ ತಾನಾಗಿಯೇ ಪಟಪಟ ಅದುರುತ್ತಿತ್ತು. ಆಸ್ಪತ್ರೆಯಲ್ಲಿ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದವರೇ ಔಷಧಿಯ ವಿಷ ಎಂದು ಹೇಳಿದರು. ದೇವರ ದಯದಿಂದ ಉಳಿದರು. ಕೀಟಕ್ಕೆ ಹೊಡೆದದ್ದು ಮನುಷ್ಯನ ನರವನ್ನು ಹೇಗೆ ಹಿಡಿಯಿತು?

ಶರೀರಕ್ರಿಯೆ

ಅಣ್ಣಾ, ನೀವು ಬರೆದ ಲಕ್ಷಣಗಳು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದವು. ಮಾನೋಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್ ಆ ಗುಂಪಿಗೆ ಸೇರಿದವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸಣ್ಣ ಬಿಡುವಿದೆ. ಆವೇಗ ಅದನ್ನು ಹಾರಿ ದಾಟುವುದಿಲ್ಲ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಅದು ಆಚೆ ಬದಿಯ ಗ್ರಾಹಕಕ್ಕೆ ಅಂಟಿ ಸ್ನಾಯುವನ್ನು ಎಬ್ಬಿಸುತ್ತದೆ. ನರಗಳು ರಾಸಾಯನಿಕದ ಮೂಲಕ ಮಾತನಾಡುತ್ತವೆ ಎಂಬುದನ್ನು 1921ರಲ್ಲಿ ಪ್ರಕಟಿಸಿದವರು ಆಸ್ಟ್ರಿಯಾದಲ್ಲಿದ್ದ ಓಟ್ಟೊ ಲೊವಿ. ಮಿಡಿಯುತ್ತಿರುವ ಒಂದು ಕಪ್ಪೆಹೃದಯದ ವೇಗಸ್ ನರವನ್ನು ಪ್ರಚೋದಿಸಿದರು, ಮಿಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ನಿಧಾನವಾಯಿತು. ಈ ಪ್ರಯೋಗ ತಮಗೆ ಕನಸಿನಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಬಿಡುಗಡೆಯಾದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಅನಾಹುತ. ಅದನ್ನು ಕೆಲವೇ ಮಿಲಿಸೆಕೆಂಡ್‌ನಲ್ಲಿ ಒಡೆದುಹಾಕುವ ಕಿಣ್ವ ಅಲ್ಲಿದೆ. ನೀವು ಹೊಡೆಯುವ ಔಷಧಿ ಆ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕೀಟದ ನರಗಳೂ ಇದೇ ಅಸಿಟೈಲ್‌ಕೋಲಿನ್ ಬಳಸುತ್ತವೆ, ಅದಕ್ಕೇ ಕೀಟ ಸಾಯುತ್ತದೆ. ನಮ್ಮಲ್ಲೂ ಅದೇ ಕಿಣ್ವ ಇರುವುದರಿಂದ ನಮ್ಮನ್ನೂ ಹಿಡಿಯುತ್ತದೆ. ಒಮ್ಮೆ ಕೊಟ್ಟ ಆಜ್ಞೆ ನಿಲ್ಲುವುದೇ ಇಲ್ಲ. ಲಾಲಾಗ್ರಂಥಿ ಸುರಿಸುತ್ತಲೇ ಇರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಟಾರ್ಚ್ ಬಿಟ್ಟು ನೋಡಿದ್ದು ಅದನ್ನೇ. ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಉಸಿರಾಟದ ಸ್ನಾಯು ಸೋತಾಗ ಪ್ರಾಣಾಪಾಯ. ಅಟ್ರೋಪಿನ್ ಚುಚ್ಚುಮದ್ದು ಗ್ರಂಥಿ ಮತ್ತು ಹೃದಯದ ಗ್ರಾಹಕಗಳನ್ನು ಮುಚ್ಚಿ ಕಾಪಾಡುತ್ತದೆ, ಸೋತ ಸ್ನಾಯುಗಳಿಗೆ ಅದರಿಂದ ಉಪಯೋಗವಿಲ್ಲ, ಹಾಗಾಗಿ ಕೆಲವರಿಗೆ ವೆಂಟಿಲೇಟರ್ ಬೇಕಾಗುತ್ತದೆ.

ದಯವಿಟ್ಟು ಊರಿನಲ್ಲಿ ಎಲ್ಲರಿಗೂ ಹೇಳಿ. ತೊಯ್ದ ಬಟ್ಟೆಯನ್ನು ತಕ್ಷಣ ಬಿಚ್ಚಿ ಮೈಯನ್ನು ಸೋಪು ಹಾಕಿ ತೊಳೆಯಬೇಕು, ಏಕೆಂದರೆ ಇದು ಚರ್ಮದ ಮೂಲಕವೂ ಒಳಹೋಗುತ್ತದೆ. ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಒತ್ತಾಯದಿಂದ ವಾಂತಿ ಮಾಡಿಸಬಾರದು. ಡಬ್ಬಿಯ ಚೀಟಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಅದರಲ್ಲಿರುವ ಹೆಸರು ನೋಡಿದರೆ ವೈದ್ಯರಿಗೆ ಅಮೂಲ್ಯ ಸಮಯ ಉಳಿಯುತ್ತದೆ.

ಮಲೆನಾಡಿನವನು

ನಮ್ಮ ಕಡೆ ಸಂಜೆ ತೋಟದ ದಾರಿಯಲ್ಲಿ ಬಿದ್ದ ಹಗ್ಗ ಕಂಡು ಹಾರಿದವರು ಎಷ್ಟೋ ಜನ. ಹಗ್ಗವನ್ನು ಹಾವೆಂದು ಕಾಣುವ ದೃಷ್ಟಾಂತವನ್ನು ಅದ್ವೈತಿಗಳು ಶತಮಾನಗಳಿಂದ ಕೊಡುತ್ತ ಬಂದಿದ್ದಾರೆ. ದೀಪ ತಂದು ನೋಡಿದರೆ ಹಾವು ಇಲ್ಲವಾಗುತ್ತದೆ. ಆದರೆ ನನ್ನ ಎದೆ ಮಾತ್ರ ಹಗ್ಗವೆಂದು ಗೊತ್ತಾದ ಮೇಲೂ ಹೊಡೆದುಕೊಳ್ಳುತ್ತಲೇ ಇರುತ್ತದೆ. ಅರಿವು ಬಂದ ಮೇಲೂ ಮೈ ಯಾಕೆ ಒಪ್ಪುವುದಿಲ್ಲ?

ಶರೀರಕ್ರಿಯೆ

ಈ ಪ್ರಶ್ನೆಗಾಗಿ ನಿಮಗೆ ಕೃತಜ್ಞ. ಹಾರಿದ್ದು ಮತ್ತು ಎದೆ ಹೊಡೆದುಕೊಂಡದ್ದು ಬೇರೆಬೇರೆ ದಾರಿಗಳ ಕೆಲಸ. ಮೆದುಳಿನೊಳಗೆ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಬಾದಾಮಿಯಷ್ಟು ದೊಡ್ಡ ಭಾಗವಿದೆ. ದೃಶ್ಯದ ವಿವರಗಳು ಹೊರಪದರದಲ್ಲಿ ಪೂರ್ತಿಯಾಗುವ ಮೊದಲೇ ಅಸ್ಪಷ್ಟ ಸುದ್ದಿಯೊಂದು ಅಡ್ಡದಾರಿಯಿಂದ ಅಲ್ಲಿಗೆ ತಲುಪುತ್ತದೆ ಎಂದು ನರವಿಜ್ಞಾನಿ ಜೋಸೆಫ್ ಲೆಡೂ ಪ್ರತಿಪಾದಿಸಿದರು. ಇಲಿಗಳಲ್ಲಿ, ಶಬ್ದದ ವಿಚಾರದಲ್ಲಿ, ಅದಕ್ಕೆ ಒಳ್ಳೆಯ ಆಧಾರವಿದೆ. ಮನುಷ್ಯರ ಕಣ್ಣಿಗೆ ಅದೇ ಅಡ್ಡದಾರಿ ಎಷ್ಟು ಮುಖ್ಯ ಎಂಬುದರ ಬಗ್ಗೆ ಸಂಶೋಧಕರಲ್ಲಿ ಇನ್ನೂ ವಾದ ನಡೆಯುತ್ತಿದೆ.

ಎದೆಬಡಿತದ ವಿಷಯದಲ್ಲಿ ವಾದವಿಲ್ಲ. ಅಪಾಯದ ಹೊತ್ತಿನಲ್ಲಿ ದೇಹವನ್ನು ಸಜ್ಜುಗೊಳಿಸುವ ಅನುವೇದನಾ ನರಗಳು ಹೃದಯಕ್ಕೆ ನೇರ ಆಜ್ಞೆ ಕೊಡುವುದರ ಜೊತೆಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನೂ ತಟ್ಟುತ್ತವೆ. ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ನರದ ಆಜ್ಞೆಯನ್ನು ಕ್ಷಣದಲ್ಲಿ ಹಿಂತೆಗೆಯಬಹುದು, ರಕ್ತದಲ್ಲಿ ಬೆರೆತದ್ದನ್ನು ಹಿಂತೆಗೆಯಲು ಆಗುವುದಿಲ್ಲ. ದೇಹ ಅದನ್ನು ಒಡೆದು ಮುಗಿಸಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ನಿಮ್ಮ ಅರಿವು ಹಗ್ಗದ ಬಳಿ, ಹೃದಯ ಹಾವಿ‌ನ ಬಳಿ.

ಮಗಳು, ತುಮಕೂರು

ನಮ್ಮ ತಂದೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳು ಬಿಸಿನೀರಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಪತ್ರಿಕೆ ಓದುತ್ತ ಕುಳಿತಿದ್ದರು. ಹೊರತೆಗೆದಾಗ ಅಂಗಾಲಿನ ತುಂಬ ಬೊಬ್ಬೆ. ಅವರು ಕಾಲನ್ನು ಎಳೆದುಕೊಳ್ಳಲೇ ಇಲ್ಲ. ಮೇಲಿನ ಚರ್ಚೆಯ ಪ್ರಕಾರ ಅವರ ಮೆದುಳು ತಡೆಯಿತೇ, ಅಥವಾ ಮೆದುಳುಬಳ್ಳಿ ಕೆಟ್ಟಿತೇ?

ಫಿಸಿಯೊ ಹುಬ್ಬಳ್ಳಿ

ಎರಡೂ ಅಲ್ಲ ತಂಗಿ. ಸುದ್ದಿ ಹೊರಟೇ ಇಲ್ಲ. ಸಕ್ಕರೆ ಬಹುಕಾಲ ಹೆಚ್ಚಿದ್ದರೆ ನರಗಳ ತುದಿಗಳು ಹಾಳಾಗುತ್ತವೆ. ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು, ಹಾಗಾಗಿ ಪಾದದ ಬೆರಳುಗಳಿಂದ ಶುರುವಾಗಿ ಕಾಲುಚೀಲ ಹಾಕಿದಷ್ಟು ಭಾಗ ಜೋಮು ಹಿಡಿಯುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿ ಇದನ್ನು ಜಗತ್ತಿಗೆ ಮನದಟ್ಟು ಮಾಡಿದರು. ಬೆರಳುಗಳು ರೋಗದಿಂದ ಕೊಳೆತು ಉದುರುತ್ತವೆ ಎಂಬ ನಂಬಿಕೆ ಆಗ ಇತ್ತು. ನೋವು ಗೊತ್ತಾಗದೆ ಸುಟ್ಟುಕೊಂಡು, ಕೊಯ್ದುಕೊಂಡು, ಹುಣ್ಣಿನ ಮೇಲೆಯೇ ನಡೆದು ಅವು ಹಾಳಾಗುತ್ತಿದ್ದವು ಎಂದು ಅವರು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ಅನ್ವಯ.

ತಂದೆಯವರನ್ನು ತಡಮಾಡದೆ ಪಾದದ ಪರೀಕ್ಷೆಗೆ ಕರೆದುಕೊಂಡು ಹೋಗಿ, ಬೊಬ್ಬೆ ಒಡೆಯಬೇಡಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದದ ಕೆಲವು ಬಿಂದುಗಳಿಗೆ ಒತ್ತಿ ತಿಳಿಯುತ್ತದೆಯೇ ಎಂದು ನೋಡುತ್ತಾರೆ, 128 ಹರ್ಟ್ಸ್‌ನ ಶ್ರುತಿಕವೆಯನ್ನು ಕಂಪಿಸುವಂತೆ ತಟ್ಟಿ ಹೆಬ್ಬೆರಳ ಮೂಳೆಗೆ ಇಡುತ್ತಾರೆ. ನೋವಿಲ್ಲದ ಪರೀಕ್ಷೆಗಳು, ಐದು ನಿಮಿಷದವು. ಇನ್ನು ಮುಂದೆ ನೀರಿನ ಬಿಸಿಯನ್ನು ಮನೆಯ ಬೇರೆಯವರು ಮೊಣಕೈಯಿಂದ ನೋಡಲಿ. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲುಗಳನ್ನು ಬೆರಳಸಂದಿ ಸಮೇತ ಕಣ್ಣಿನಿಂದ ನೋಡುವ ರೂಢಿ ಮಾಡಿಸಿ. ಬರಿಗಾಲಿನಲ್ಲಿ ಅಂಗಳಕ್ಕೂ ಇಳಿಯಬಾರದು.

ಹಳ್ಳಿಶಾಲೆ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಹಾಲಿನ ಪಾತ್ರೆಯ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದೆ. ಮಂಡಿ ತಟ್ಟುವ ಪ್ರಯೋಗಕ್ಕೆ ಸರದಿ ಸಾಲೇ ನಿಂತಿತು. ಜೊತೆಗೆ ಅಳತೆಪಟ್ಟಿಯ ಪ್ರಯೋಗವನ್ನೂ ಮಾಡಿಸಿದೆ. ಒಬ್ಬರು ಪಟ್ಟಿಯನ್ನು ಹಿಡಿದು ಹೇಳದೆ ಬಿಡುವುದು, ಇನ್ನೊಬ್ಬರು ಬೆರಳಲ್ಲಿ ಹಿಡಿಯುವುದು. 20 ಸೆಂಟಿಮೀಟರ್ ಜಾರಿದರೆ 0.2 ಸೆಕೆಂಡ್, 15 ಜಾರಿದರೆ ಸುಮಾರು 0.17. ಭೌತಶಾಸ್ತ್ರದ ಸೂತ್ರ ಇಷ್ಟು ಖುಷಿಯಿಂದ ಅವರು ಎಂದೂ ಬಳಸಿರಲಿಲ್ಲ. ಪಟ್ಟಿ ಬಿಡುವವರ ಮುಖ ನೋಡಿ ಊಹಿಸುವವರನ್ನು ಅವರೇ ಪತ್ತೆ ಹಚ್ಚಿದರು.

ಈಗ ಹೊಸ ಪ್ರಶ್ನೆ ಬಂದಿದೆ, ಈ ಸಲ ಮುಂದಿನ ಬೆಂಚಿನಿಂದ. ಓಡುವಾಗ ಮುಳ್ಳು ಚುಚ್ಚಿದರೆ ಆ ಕಾಲು ಥಟ್ಟನೆ ಮೇಲೇಳುತ್ತದೆ. ಮೆದುಳಿಗೆ ತಿಳಿಯುವ ಮೊದಲೇ ಒಂದು ಕಾಲು ಎದ್ದರೆ ನಾವು ಬಿದ್ದುಬಿಡಬೇಕಲ್ಲ?

ಶರೀರಕ್ರಿಯೆ

ಬೀಳುವುದಿಲ್ಲ, ಏಕೆಂದರೆ ಸುದ್ದಿ ಮೆದುಳುಬಳ್ಳಿಯ ಒಂದೇ ಬದಿಯಲ್ಲಿ ನಿಲ್ಲುವುದಿಲ್ಲ. ನಡುವಣ ಕೋಶಗಳ ಮೂಲಕ ಅದು ಎದುರು ಬದಿಗೂ ದಾಟುತ್ತದೆ. ಅಲ್ಲಿ ಲೆಕ್ಕ ತಿರುಗುಮುರುಗು. ಚುಚ್ಚಿದ ಕಾಲಿನಲ್ಲಿ ಮಡಚುವ ಸ್ನಾಯುಗಳಿಗೆ ಆಜ್ಞೆ, ಚಾಚುವವಕ್ಕೆ ತಡೆ. ಇನ್ನೊಂದು ಕಾಲಿನಲ್ಲಿ ಚಾಚುವವಕ್ಕೆ ಆಜ್ಞೆ, ಮಡಚುವವಕ್ಕೆ ತಡೆ. ಮೈಯ ಭಾರ ಹೊರಲು ಆ ಕಾಲು ನೆಟ್ಟಗಾಗುತ್ತದೆ. ಶೆರಿಂಗ್ಟನ್ ಪ್ರಾಣಿಗಳಲ್ಲಿ ಮೆದುಳಿನ ಸಂಪರ್ಕ ಕಡಿದ ಮೇಲೂ ಇದು ನಡೆಯುವುದನ್ನು ಕಂಡರು, ಅಂದರೆ ಇದು ಪೂರ್ತಿಯಾಗಿ ಮೆದುಳುಬಳ್ಳಿಯದೇ ಏರ್ಪಾಡು. ತೋಲನ ತಪ್ಪಿದ್ದನ್ನು ಒಳಕಿವಿ ಮತ್ತು ಉಪಮೆದುಳು ಆಮೇಲೆ ಸರಿಪಡಿಸುತ್ತವೆ.

ಮುಂದಿನ ಬೆಂಚಿನವರಿಗೆ ಒಂದು ಕೆಲಸ ಕೊಡಿ. ಒಬ್ಬರು ಎರಡೂ ಕಾಲಿನ ಮೇಲೆ ನಿಂತು ಬಲಗಾಲನ್ನು ತಾವಾಗಿ ಬೇಗನೆ ಎತ್ತಲಿ, ಇನ್ನೊಬ್ಬರು ಅವರ ಎಡತೊಡೆಯ ಮುಂಭಾಗಕ್ಕೆ ಅಂಗೈ ಇಟ್ಟು ಸ್ನಾಯು ಯಾವಾಗ ಬಿಗಿಯುತ್ತದೆ ಎಂದು ನೋಡಲಿ. ಕಂಡದ್ದನ್ನು ಇಲ್ಲಿ ಬರೆಯಿರಿ, ಅಲ್ಲಿಂದ ಮುಂದುವರಿಸೋಣ.